ಗೂಡಿನ ಜಾಗ ಹೇಳುವ ಮುನ್ನ

ಹದಿನಾಲ್ಕು ವರ್ಷಗಳಿಂದ ತುಮಕೂರು ಜಿಲ್ಲೆಯ ಕೆರೆಗಳಲ್ಲಿ, ಕುರುಚಲು ಕಾಡುಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿದ್ದೇನೆ. ಶಾಲೆಯ ಕೆಲಸ ಬಿಟ್ಟರೆ ನನ್ನ ಭಾನುವಾರಗಳೆಲ್ಲ ಅಲ್ಲಿಯೇ ಕಳೆದಿವೆ. ಮೊದಲ ಐದಾರು ವರ್ಷ, ಯಾವ ಹಕ್ಕಿ ಎಲ್ಲಿ ಕಂಡಿತು ಎಂಬುದನ್ನು ಊರು, ಕೆರೆ, ದಾರಿ ಸಮೇತ ಫೇಸ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ನನಗೂ ಹಿರಿಯರು ಹೀಗೆಯೇ ಕೈಹಿಡಿದು ಜಾಗ ತೋರಿಸಿದ್ದರಿಂದ, ಬಚ್ಚಿಟ್ಟುಕೊಳ್ಳುವುದು ಸಣ್ಣತನವೆಂದು ನಂಬಿದ್ದೆ. ಆ ನಂಬಿಕೆ ಒಂದು ಗೂಬೆಯ ಗೂಡಿನಲ್ಲಿ ಕೊನೆಗೊಂಡಿತು.

ಕೆಲಸ ನಿಂತು ಬಹಳ ವರ್ಷಗಳಾಗಿದ್ದ ಒಂದು ಕಲ್ಲು ಕ್ವಾರಿಯಲ್ಲಿ ಕೊಂಬಿನ ಗೂಬೆ ಕಾವಿಗೆ ಕುಳಿತಿರುವುದನ್ನು ನನಗೆ ತೋರಿಸಿದವರು ಅಲ್ಲಿ ಕುರಿ ಮೇಯಿಸುವ ಒಬ್ಬ ಅಜ್ಜ. ಈ ಗೂಬೆ ಕಡ್ಡಿ ಕಸ ತಂದು ಗೂಡು ಕಟ್ಟುವುದಿಲ್ಲ, ಬಂಡೆಯ ಚಾಚಿನ ಮೇಲೆ ಬರಿ ಮಣ್ಣಿನಲ್ಲಿಯೇ ಮೊಟ್ಟೆಯಿಡುತ್ತದೆ. ಚಾಚಿನ ಮುಂದೆ ಒಂದು ಕಾರೆ ಗಿಡ ಅಡ್ಡವಾಗಿ ಬೆಳೆದಿತ್ತು. ಅದರ ಕೊಂಬೆಗಳ ಸಂದಿಯಲ್ಲಿ ಕಿತ್ತಳೆ ಬಣ್ಣದ ಎರಡು ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಉಳಿದ ಮೈಯೆಲ್ಲ ಕಲ್ಲಿನ ಬಣ್ಣಕ್ಕೆ ಬೆರೆತುಹೋಗಿತ್ತು. ಫೆಬ್ರವರಿಯ ನಡುವಿನಲ್ಲಿ ಮೂರು ಬಿಳಿಯ ಮೊಟ್ಟೆಗಳಿದ್ದವು, ಮಾರ್ಚ್ ತಿಂಗಳಲ್ಲಿ ಬೂದು ತುಪ್ಪಳದ ಎರಡು ಮರಿಗಳು ಎದ್ದವು. ಒಂದು ಬುಧವಾರ ಸಂಜೆ ಮರಿಗಳ ಚಿತ್ರವನ್ನು ಹಾಕಿ, ಊರಿನ ಹೆಸರನ್ನೂ ಕೆರೆಯ ಏರಿಯಿಂದ ಯಾವ ಕಡೆಗೆ ತಿರುಗಬೇಕೆಂಬುದನ್ನೂ ಬರೆದೆ.

ಆ ಭಾನುವಾರ ಒಂಬತ್ತು ಕಾರುಗಳು ಬಂದಿದ್ದವಂತೆ. ನಾನು ಮದುವೆಯೊಂದಕ್ಕೆ ಹೋಗಿದ್ದರಿಂದ ಅಲ್ಲಿರಲಿಲ್ಲ. ಮಂಗಳವಾರ ಶಾಲೆ ಬಿಟ್ಟ ಮೇಲೆ ಹೋಗಿ ನೋಡಿದಾಗ ಕಾರೆ ಗಿಡವನ್ನು ಬುಡದವರೆಗೆ ಸವರಿದ್ದರು. ಕ್ಯಾಮೆರಾಕ್ಕೆ ಅಡ್ಡ ಬರುತ್ತದೆಂದು ಕಡಿದ ಆ ಗಿಡವೇ ಮಧ್ಯಾಹ್ನದ ಬಿಸಿಲಿಗೂ ಕಾಗೆಗಳ ಕಣ್ಣಿಗೂ ಮರಿಗಳಿಗಿದ್ದ ಮರೆಯಾಗಿತ್ತು. ಒಂದು ಮರಿ ಚಾಚಿನ ಕೆಳಗೆ ಜಲ್ಲಿಯ ಮೇಲೆ ಸತ್ತು ಬಿದ್ದಿತ್ತು, ಇರುವೆ ಮುತ್ತಿದ್ದವು. ಇನ್ನೊಂದರ ಸುಳಿವಿರಲಿಲ್ಲ. ತಾಯಿಗೂಬೆ ಹಾರುವ ಭಂಗಿ ಸಿಗಲಿ ಎಂದು ಯಾರೋ ಕಲ್ಲು ಬೀರಿದರೆಂದೂ, ಹಾಡುಹಗಲಲ್ಲಿ ಎದ್ದ ಗೂಬೆಯನ್ನು ಕಾಗೆಗಳು ಕೆರೆಯ ತನಕ ಅಟ್ಟಿಸಿಕೊಂಡು ಹೋದವೆಂದೂ ಅಜ್ಜ ಹೇಳಿದರು. "ಮೇಷ್ಟ್ರೇ, ನಾ ತೋರ್ಸಿದ್ದು ನಿಮ್ಗೆ. ಊರಿಗೆಲ್ಲ ಅಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದರಿಂದ ನನಗೆ ಇನ್ನಷ್ಟು ಕಷ್ಟವಾಯಿತು.

ಆ ದಿನಗಳಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಅನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ. ಅದರ 2(16)ನೆಯ ಕಲಂ ಬೇಟೆ ಎಂದರೇನು ಎಂಬುದನ್ನು ವಿವರಿಸುತ್ತದೆ. ಕೊಲ್ಲುವುದು, ವಿಷವಿಕ್ಕುವುದು, ಬಲೆಗೆ ಕೆಡವುವುದು, ಅಟ್ಟುವುದು ಮಾತ್ರವಲ್ಲದೆ ಕಾಡುಹಕ್ಕಿಗಳ ಮೊಟ್ಟೆಯನ್ನು ಹಾಳುಮಾಡುವುದು ಮತ್ತು ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಕೂಡ ಅದರ ಪ್ರಕಾರ ಬೇಟೆಯೇ. ಕೋವಿ ಹಿಡಿದವರು ಮಾತ್ರ ಬೇಟೆಗಾರರೆಂದು ತಿಳಿದಿದ್ದ ನಾನು, ಕೆರೆ ಏರಿಯ ಗುರುತು ಕೊಟ್ಟು ಒಂಬತ್ತು ಕಾರುಗಳಿಗೆ ಬೇಟೆಯ ಜಾಗವನ್ನೇ ತೋರಿಸಿದ್ದೆ. ನಮ್ಮ ಕಡೆ ಗೂಬೆಗಿರುವ ಅಪಾಯ ಫೋಟೋ ತೆಗೆಯುವವರಿಂದ ಮಾತ್ರವಲ್ಲ. ದೀಪಾವಳಿಯ ಸುಮಾರಿಗೆ ಮಾಟ ಮಂತ್ರಕ್ಕೆಂದು ಗೂಬೆಗಳನ್ನು ಹಿಡಿದು ಮಾರುವ ಜಾಲ ದೇಶದಾದ್ಯಂತ ಇದೆ. ಕಾಡುಪಾಪಕ್ಕೂ ನಕ್ಷತ್ರ ಆಮೆಗೂ ಇಂಥದೇ ಕಾಟವಿದೆ. ಹಾಗೆ ಹಿಡಿಯುವವರು ನಮ್ಮ ಬರಹಗಳನ್ನು ಓದುವುದಿಲ್ಲವೆಂದು ಭಾವಿಸಲು ನನಗೆ ಯಾವ ಆಧಾರವೂ ಇಲ್ಲ.

ಅಂದಿನಿಂದ ನಾನು ನಡೆದುಕೊಂಡು ಬಂದ ರೀತಿಯಲ್ಲಿ ಮೊದಲನೆಯದು, ಆ ಜಾಗ ಯಾರದು ಎಂದು ಕೇಳಿಕೊಳ್ಳುವುದು. ನನಗೆ ತೋರಿಸಿದವರು ಕುರಿಗಾಹಿಯಾಗಿರಲಿ, ಗೆಳೆಯನಾಗಿರಲಿ, ಅವರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಹೇಳುವುದಿಲ್ಲ. ನಾನೇ ಕಂಡುಕೊಂಡ ಜಾಗವಾದರೂ ಅದು ಯಾರದೋ ಹೊಲದ ಅಂಚಾಗಿರುತ್ತದೆ, ಕಾರುಗಳು ಬಂದರೆ ತುಳಿತಕ್ಕೆ ಸಿಗುವುದು ಅವರ ರಾಗಿ ಪೈರು. ಗೂಡು, ಮೊಟ್ಟೆ, ಹಾರಲಾರದ ಮರಿ ಇವುಗಳ ಚಿತ್ರವನ್ನು ಆ ಕಾಲದಲ್ಲಿ ಹಾಕುವುದನ್ನು ಪೂರ್ತಿಯಾಗಿ ಬಿಟ್ಟಿದ್ದೇನೆ. ಮರಿಗಳು ಹಾರಿದ ಮೇಲೆ ಹಾಕಿದರೆ ತೊಂದರೆಯಿಲ್ಲ ಎನ್ನುವವರು ಬಹಳ ಮಂದಿಯಿದ್ದಾರೆ, ನಾನೂ ಎರಡು ವರ್ಷ ಹಾಗೆಯೇ ಮಾಡಿದೆ. ಆದರೆ ಕೊಂಬಿನ ಗೂಬೆಯ ಜೋಡಿ ಒಂದೇ ಚಾಚಿಗೆ ವರ್ಷ ವರ್ಷವೂ ಮರಳಬಹುದು. ಮರಿಗಳು ಹಾರಲು ಕಲಿತ ಮೇಲೂ ತಿಂಗಳುಗಟ್ಟಲೆ ತಂದೆತಾಯಿಯ ಆಸರೆಯಲ್ಲಿಯೇ ಇರುತ್ತವೆ. ಆದ್ದರಿಂದ ಈಗ ತಡವಾಗಿ ಹಾಕುವ ಚಿತ್ರಕ್ಕೂ ಜಿಲ್ಲೆಯ ಹೆಸರಿಗಿಂತ ಹೆಚ್ಚಿನ ವಿವರ ಕೊಡುವುದಿಲ್ಲ.

ಊರಿನ ಹೆಸರು ಬರೆಯದಿದ್ದರೂ ಚಿತ್ರವೇ ಜಾಗ ಹೇಳಿಬಿಡುತ್ತದೆ ಎಂಬುದನ್ನು ನಿಧಾನವಾಗಿ ಕಲಿತೆ. ಹಿಂದೆ ಕಾಣುವ ಗುಡ್ಡದ ಏಣು, ಗೋಪುರ, ಗಾಳಿಯಂತ್ರ, ಕಲ್ಲು ಸೀಳಿದ ಉಳಿಯ ಸಾಲುಗುರುತು ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕರೂ ಆ ಸೀಮೆಯವರು ಕ್ಷಣದಲ್ಲಿ ಗುರುತು ಹಿಡಿಯುತ್ತಾರೆ. ಹೀಗಾಗಿ ಹಿನ್ನೆಲೆಯನ್ನು ಕತ್ತರಿಸಿಯೇ ಹಾಕುತ್ತೇನೆ. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ. ವಾಟ್ಸಾಪಿನಲ್ಲಿ ಅದನ್ನು ಮಾಮೂಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಉದುರಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ಕ್ಯಾಮೆರಾದಲ್ಲಿ ಲೊಕೇಷನ್ ಇಲ್ಲವೆಂದು ನಿಶ್ಚಿಂತನಾಗಿದ್ದ ನಾನು, ಕ್ಯಾಮೆರಾದ ಪರದೆಯನ್ನು ಮೊಬೈಲಿನಲ್ಲಿ ತೆಗೆದು, ಸ್ಪಷ್ಟವಾಗಿ ಕಾಣಲೆಂದು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿ, ಒಂದು ನವಿಲಿನ ಗೂಡಿನ ಜಾಗವನ್ನು ಹೀಗೆಯೇ ಬಿಟ್ಟುಕೊಟ್ಟಿದ್ದೆ. ಈಗ ಹೊಲಕ್ಕೆ ಇಳಿಯುವ ಮುನ್ನ ಮೊಬೈಲಿನ ಕ್ಯಾಮೆರಾದಲ್ಲಿ ಸ್ಥಳದ ಗುರುತನ್ನು ಆರಿಸಿಬಿಡುತ್ತೇನೆ. ನಕ್ಷೆಯಲ್ಲಿ ಜಾಗ ತೋರಿಸುವ ಪಿನ್ ಅನ್ನಂತೂ ಯಾರಿಗೂ ಕಳಿಸುವುದಿಲ್ಲ, ಒಬ್ಬರ ಮೇಲಿನ ನಂಬಿಕೆಯಿಂದ ಕಳಿಸಿದ್ದು ಐದು ನಿಮಿಷದಲ್ಲಿ ಇನ್ನೊಂದು ಗುಂಪಿಗೆ ಫಾರ್ವರ್ಡ್ ಆಗುತ್ತದೆ.

ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್, ಎಲ್ಲ ಬಗೆಯ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳನ್ನು ಬಳಸುವವರು ತಿಳಿದಿರಬೇಕಾದ ಸಂಗತಿಗಳಿವೆ. ಇಬರ್ಡ್ ತನ್ನ ಸೂಕ್ಷ್ಮ ಪ್ರಭೇದಗಳ ಪಟ್ಟಿಯಲ್ಲಿರುವ ಹಕ್ಕಿಗಳ ನಿಖರ ಜಾಗವನ್ನು ಮರೆಮಾಡಿ, ಸುಮಾರು 400 ಚದರ ಕಿಲೋಮೀಟರಿನ ಚೌಕದ ಮಟ್ಟದಲ್ಲಿ ಮಾತ್ರ ತೋರಿಸುತ್ತದೆ. ಪಟ್ಟಿಯಲ್ಲಿಲ್ಲದ ಹಕ್ಕಿಯ ಹೊಣೆ ನಮ್ಮದೇ, ಅಂಥ ಹಕ್ಕಿಯ ಗೂಡು ಕಂಡ ದಿನ ನಾನು ದಾಖಲಿಸಿದ ಹಕ್ಕಿಗಳ ಪಟ್ಟಿಯನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡುತ್ತೇನೆ ಅಥವಾ ಗೂಡಿನ ಕಾಲ ಮುಗಿದ ಮೇಲೆ ಸೇರಿಸುತ್ತೇನೆ. ಐನ್ಯಾಚುರಲಿಸ್ಟಿನಲ್ಲಿ ಸ್ಥಳವನ್ನು ಮಸುಕು ಮಾಡುವ ಆಯ್ಕೆಯಿದೆ, ಆಗ 0.2 ಡಿಗ್ರಿ ಅಗಲ, 0.2 ಡಿಗ್ರಿ ಉದ್ದದ ಚೌಕದೊಳಗೆ ಎಲ್ಲೋ ಒಂದು ಕಡೆ ಗುರುತು ಬೀಳುತ್ತದೆ. ಆದರೆ ಗೂಬೆಯನ್ನು ಮಸುಕು ಮಾಡಿ, ಅದೇ ಬಂಡೆಯ ಮೇಲೆ ಅದೇ ಬೆಳಿಗ್ಗೆ ಕಂಡ ಓತಿಯ ಜಾಗವನ್ನು ತೆರೆದಿಟ್ಟರೆ, ಎರಡನ್ನೂ ಜೋಡಿಸಿ ಓದಬಲ್ಲವರಿಗೆ ಮರೆ ಉಳಿಯುವುದಿಲ್ಲ. ಚೀನಾದ ಗೋನಿಯೂರೋಸಾರಸ್ ಲೂಯಿ ಎಂಬ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಅದು ಸಿಕ್ಕ ಜಾಗದ ವಿವರದೊಂದಿಗೆ ಪ್ರಕಟಿಸಿದ ಮೇಲೆ, ಸಾಕುವವರಿಗೆ ಮಾರಲು ಹಿಡಿದೂ ಹಿಡಿದೂ ಆ ಜಾಗದಲ್ಲಿ ಅದು ಇಲ್ಲವಾಯಿತು. ಶುದ್ಧ ವಿಜ್ಞಾನದ ಬರಹಕ್ಕೇ ಹೀಗಾಗುವುದಾದರೆ ನಮ್ಮ ಬರಹ ಎಷ್ಟರದು?

"ಲೊಕೇಷನ್ ಕಳಿಸಿ ಸಾರ್" ಎಂದು ಕೇಳುವ ಹುಡುಗರಿಗೆ ಇಲ್ಲವೆಂದು ಹೇಳುವುದು ನನಗೆ ಇವತ್ತಿಗೂ ಸುಲಭವಾಗಿಲ್ಲ. ಉತ್ತರ ಕೊಡದೆ ಸುಮ್ಮನಾಗುವುದನ್ನೂ ಸುಳ್ಳು ಜಾಗ ಹೇಳುವುದನ್ನೂ ನಾನು ಒಪ್ಪುವುದಿಲ್ಲ. ಅದು ಗೂಡಿನ ಜಾಗ, ಹೇಳಲಾರೆ ಎಂದು ನೇರವಾಗಿ ಬರೆದು, ಹೇಳಬಹುದಾದ ಬೇರೆ ಜಾಗಗಳನ್ನು ಕೊಡುತ್ತೇನೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟುತ್ತವೆ, ಅವುಗಳನ್ನು ಊರಿನವರೇ ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ, ಅದು ಅರಣ್ಯ ಇಲಾಖೆಯ ಸಂರಕ್ಷಿತ ಪ್ರದೇಶ. ಇವುಗಳ ದಾರಿಯನ್ನು ತಿರುವು ತಿರುವಿನ ಸಮೇತ ಹೇಳುತ್ತೇನೆ, ಏಕೆಂದರೆ ಅಲ್ಲಿ ಕಾಯುವ ಕಣ್ಣುಗಳಿವೆ. ಕ್ವಾರಿಯಲ್ಲಿ ಗೂಬೆಗೆ ಇದ್ದದ್ದು ಒಂದು ಕಾರೆ ಗಿಡ ಮಾತ್ರ.

ಎಲ್ಲವನ್ನೂ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. 2024ರಲ್ಲಿ ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ಸಚಿವ ಸಂಪುಟ ಒಪ್ಪಿದ್ದರ ಹಿಂದೆ, ಅಲ್ಲಿ ವರ್ಷಗಟ್ಟಲೆ ಹಕ್ಕಿ ನೋಡಿ ಬರೆದಿಟ್ಟವರ ದಾಖಲೆಗಳ ಬಲವಿದೆ. ಯಾರೂ ಬರೆಯದ ಜಾಗ ಬರಡು ಭೂಮಿಯೆಂದು ಕಡತದಲ್ಲಿ ನಮೂದಾಗಿ ಇನ್ನೊಂದು ಕ್ವಾರಿಗೆ ಹೋಗಿಬಿಡಬಹುದು. ಆದ್ದರಿಂದ ಪೂರ್ತಿ ವಿವರವನ್ನು, ಮೊಟ್ಟೆಯ ಎಣಿಕೆ ದಿನಾಂಕಗಳೊಂದಿಗೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಆ ಭಾಗದ ಗಸ್ತು ಅರಣ್ಯ ಪಾಲಕರಿಗೂ, ಅಧ್ಯಯನ ಮಾಡುತ್ತಿರುವ ಒಬ್ಬರಿಗೂ ಎದುರಾ ಎದುರು ಕುಳಿತು ಹೇಳುತ್ತೇನೆ.

ಆ ಅಜ್ಜ ಮೂರು ವರ್ಷ ನನಗೆ ಏನನ್ನೂ ತೋರಿಸಲಿಲ್ಲ. ಭೇಟಿಯಾದಾಗಲೆಲ್ಲ ಮಳೆ, ಮೇವು, ಕುರಿಯ ಕಾಲುಬಾಯಿ ರೋಗ ಇಷ್ಟೇ ಮಾತು. ನಾಲ್ಕನೆಯ ವರ್ಷ ಫೆಬ್ರವರಿಯಲ್ಲಿ, ನಾನು ಕೇಳದೆಯೇ, ಕೋಲಿನಿಂದ ಬೇರೊಂದು ಗುಡ್ಡದ ಕಡೆಗೆ ತೋರಿಸಿ "ಬನ್ನಿ ಮೇಷ್ಟ್ರೇ" ಎಂದರು. ದೂರದ ಬಂಡೆಯ ಹಿಂದೆ ಕುಳಿತು ಎರಡೇ ಚಿತ್ರ ತೆಗೆದು ಹಿಂದಿರುಗಿದೆ, ಆ ಹಂಗಾಮಿನಲ್ಲಿ ಮತ್ತೆ ಅತ್ತ ಹೋಗಲಿಲ್ಲ. ಆ ಚಿತ್ರವನ್ನು ಇದುವರೆಗೆ ಎಲ್ಲಿಯೂ ಹಾಕಿಲ್ಲ. ಒಂದು ಪ್ರತಿಯನ್ನು ಮುದ್ರಿಸಿ ಅಜ್ಜನಿಗೆ ಕೊಟ್ಟೆ. ಗೂಬೆಯ ಪಟ ಮನೆಯೊಳಗೆ ಬೇಡವೆಂದು ಅಜ್ಜಿ ಹೇಳಿದ್ದರಿಂದ, ಅವರು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕುರಿದೊಡ್ಡಿಯ ತಡಿಕೆಗೆ ಕಟ್ಟಿದ್ದಾರೆ.