ಕಥೆಗೊಂದು ಕಾರ್ಡು

ಹಳೇ ಬಾಗಲಕೋಟೆಯ ಮನೆಗಳಿಗೆ ಮುಳುಗಡೆ ನೋಟೀಸು ಬಂದು ಜನ ನವನಗರದ ಸೆಕ್ಟರುಗಳಿಗೆ ಸಾಮಾನು ಸಾಗಿಸುತ್ತಿದ್ದ ವರ್ಷಗಳಲ್ಲಿ ನಮ್ಮ ಓಣಿಯ ಬಾಡಿಗೆ ಲೈಬ್ರರಿಯೂ ಬಾಗಿಲು ಹಾಕಿತು. ಆಲಮಟ್ಟಿ ಹಿನ್ನೀರು ಘಟಪ್ರಭೆಗುಂಟ ಏರಿ ಬರುವ ಮೊದಲು ಮಂದಿ ಕಾಳುಕಡಿ, ಹಾಸಿಗೆ, ಭಾಂಡೆ ಹೊತ್ತರು. ಪುಸ್ತಕದ ಪಾಳಿ ಕೊನೆಗೆ ಬಂತು. ಆ ಅಂಗಡಿಯ ಪುಸ್ತಕಗಳು ಹನ್ನೊಂದು ಗೋಣಿಚೀಲಗಳಲ್ಲಿ ಮಾಲೀಕರ ಹೊಸ ಮನೆಯ ಮೆಟ್ಟಿಲ ಕೆಳಗೆ ಸೇರಿ ಎಷ್ಟೋ ವರ್ಷ ಹಾಗೇ ಇದ್ದವು. ಒಂದು ದಿನ ಅವರ ಮಗ ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ಬಂದು, "ಅಕ್ಕಾರ, ರದ್ದಿಗೆ ಹಾಕಾಕ ಮನಸ್ಸ ಬರವಲ್ದು. ನೀವು ಇಟ್ಕೊಂತೀನಿ ಅಂದ್ರ ತಂದ ಹಾಕ್ತೀನ್ರಿ" ಎಂದರು. ಕಾಲೇಜಿನಲ್ಲಿ ಜಾಗವಿರಲಿಲ್ಲ. ನಮ್ಮ ಮನೆಯ ಹಿಂದಿನ ಕೋಣೆಗೆ ತರಿಸಿಕೊಂಡೆ.

ಅರ್ಧಕ್ಕಿಂತ ಹೆಚ್ಚು ಪತ್ತೇದಾರಿ ಕಾದಂಬರಿಗಳೇ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿದ್ದ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರದೂ ಇದ್ದವು. ಬಾವುಟ ಹಿಡಿದು ಓಡಾಡುವ ಎಷ್ಟೋ ಹುಡುಗರಿಗೆ ಅವರು ಪತ್ತೇದಾರಿ ಬರೆದಿದ್ದರೆಂಬುದು ಗೊತ್ತಿಲ್ಲ. ಕಾದಂಬರಿಗಳು ನನಗೆ ತ್ರಾಸು ಕೊಡಲಿಲ್ಲ, ಒಂದು ಪುಸ್ತಕಕ್ಕೆ ಒಂದು ನಮೂದು ಸಾಕಾಯಿತು. ಕಥಾಸಂಕಲನಗಳನ್ನೂ ಹಾಗೆಯೇ ಬರೆದಿಡುತ್ತ ಹೋದೆ. ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಪುಟ. ಗ್ರಂಥಾಲಯಗಳಲ್ಲಿ ವಿಷಯವಾರು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡದ ಕಥೆ ಕಾದಂಬರಿಗಳಿಗೆಲ್ಲ ಒಂದೇ ಅಂಕಿ, 894.8143. ದೆವ್ವದ ಕಥೆಯೂ ಅದೇ ಅಂಕಿಗೆ, ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಯೂ ಅದೇ ಅಂಕಿಗೆ. ಆರು ಚೀಲ ಮುಗಿಸಿದಾಗ ಕೆಲಸ ಅರ್ಧ ಆಯಿತೆಂದು ಸಮಾಧಾನಪಟ್ಟಿದ್ದೆ.

ಆಗ ಬಂದವರು ರೈಲ್ವೆಯಿಂದ ನಿವೃತ್ತರಾದ ಅಜ್ಜಾರು. ಆ ಅಂಗಡಿಯ ಹಳೇ ಗಿರಾಕಿ. "ತಂಗೆವ್ವಾ, ಪುಸ್ತಕದ ಹೆಸರು ಕೇಳಬ್ಯಾಡ, ಬರದಾವ್ರ ಹೆಸರೂ ಕೇಳಬ್ಯಾಡ. ಒಂದು ಕಥಿ. ಹುಡುಗಿ ಮಲಗೂ ಮಂಚಾನ ನೆಲಕ್ಕ ಮೊಳಿ ಹೊಡದು ಕೂಡ್ರಿಸಿರ್ತಾರ. ಗಂಟಿ ಹಗ್ಗ ಜಗ್ಗಿದ್ರ ಗಂಟಿ ಬಾರ್ಸೂದಿಲ್ಲ. ಅದು ನಿನ್ನ ಕಡೆ ಐತೇನು?"

ಕಥೆಯ ಮೂಲ ಯಾವುದೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆರ್ಥರ್ ಕಾನನ್ ಡಾಯ್ಲ್ 1892ರ ಫೆಬ್ರುವರಿಯಲ್ಲಿ ಸ್ಟ್ರ್ಯಾಂಡ್ ಮಾಸಪತ್ರಿಕೆಯಲ್ಲಿ ಬರೆದ ಷರ್ಲಾಕ್ ಹೋಮ್ಸ್ ಕಥೆ. ಆದರೆ ಅದರ ಕನ್ನಡ ರೂಪ ನನ್ನ ಕೋಣೆಯಲ್ಲಿ ಎಲ್ಲಿದೆ? ಆರು ಚೀಲಗಳ ನನ್ನ ಪಟ್ಟಿ ಅದಕ್ಕೆ ಉತ್ತರ ಕೊಡಲಿಲ್ಲ. ಓದುಗರು ಕೇಳುವುದು ಕಥೆಯನ್ನು, ನಾನು ಬರೆದಿಟ್ಟಿದ್ದು ರಟ್ಟಿನ ಮೇಲಿನ ಹೆಸರನ್ನು. ಅಂದು ರಾತ್ರಿಯೇ ಕೂತು, ಸಂಕಲನಗಳನ್ನೆಲ್ಲ ಮತ್ತೆ ತೆರೆದು, ಒಂದೊಂದು ಕಥೆಗೆ ಒಂದೊಂದು ಕಾರ್ಡು ಬರೆಯತೊಡಗಿದೆ. ಇಂಗ್ಲಿಷಿನಲ್ಲಿ ಈ ಹಾದಿ ಹಳೆಯದು. ವಿಲಿಯಂ ಕಾಂಟೆಂಟೊ 1978ರಲ್ಲಿಯೇ ವಿಜ್ಞಾನ ಕಥೆಗಳ ಸಂಕಲನಗಳಿಗೆ ಕಥೆವಾರು ಸೂಚಿ ಮಾಡಿದ್ದರು. ಕೃತಿ ಬೇರೆ, ಅದು ಅಚ್ಚಾದ ಪುಸ್ತಕ ಬೇರೆ. ಎರಡಕ್ಕೂ ಬೇರೆ ಬೇರೆ ನಮೂದು ಬೇಕು, ನಡುವೆ ಕೊಂಡಿ ಬೇಕು. ಇಷ್ಟೇ ಅದರ ತಿರುಳು.

ಮೂರು ವಾರದಲ್ಲಿ ಆ ಕಥೆಯ ಎರಡು ಕನ್ನಡ ರೂಪಗಳು ಸಿಕ್ಕವು, ಎರಡಕ್ಕೂ ಬೇರೆ ಬೇರೆ ಹೆಸರು. ಒಂದರಲ್ಲಿ ಹೋಮ್ಸ್ ಹೋಮ್ಸ್ ಆಗಿಯೇ ಇದ್ದ. ಇನ್ನೊಂದರಲ್ಲಿ ಇಂಗ್ಲೆಂಡಿನ ಬಂಗಲೆ ಹೋಗಿ ಇನಾಮದಾರರ ವಾಡೆ ಬಂದಿತ್ತು, ಗೋಡೆಯ ಗಾಳಿಗಿಂಡಿ ಬೆಳಕಿಂಡಿಯಾಗಿತ್ತು, ಮೂಲದ ಹೆಸರು ಎಲ್ಲಿಯೂ ಇರಲಿಲ್ಲ. ಎರಡನ್ನೂ ಅಜ್ಜಾರಿಗೆ ಕೊಟ್ಟೆ. ನಾಲ್ಕು ದಿನಕ್ಕೆ ವಾಪಸು ತಂದರು. "ನಾ ಓದಿದ್ದು ಇವಲ್ಲವಾ. ಅದ್ರಾಗ ಹಾಲಿನ ಬಟ್ಟಲ ಇತ್ತು." ಅವರ ನೆನಪು ಖರೆ. ಮೂಲದಲ್ಲಿ ತಿಜೋರಿಯ ಮೇಲೆ ಹಾಲಿನ ಪುಟ್ಟ ತಟ್ಟೆ ಇದೆ, ಹೋಮ್ಸನ ತರ್ಕಕ್ಕೆ ಅದೂ ಒಂದು ಆಧಾರ. ನನಗೆ ಸಿಕ್ಕ ಎರಡೂ ರೂಪಾಂತರಗಳಲ್ಲಿ ಅದನ್ನು ಬಿಟ್ಟಿದ್ದರು. ಅಂದರೆ ಮೂರನೆಯದೊಂದು ಎಲ್ಲೋ ಇದೆ. ಅದಕ್ಕೊಂದು ಖಾಲಿ ಕಾರ್ಡು ಅಂದೇ ತೆಗೆದಿಟ್ಟೆ.

ಕಾರ್ಡಿನ ಮೇಲೆ ಏನು ಬರೆಯಬೇಕು ಎಂಬುದು ಬರೆಯುತ್ತ ಬರೆಯುತ್ತ ತಿಳಿಯಿತು. ಕಥೆಯ ಹೆಸರನ್ನು ಪರಿವಿಡಿಯಿಂದ ಎತ್ತಬಾರದು, ಕಥೆ ಶುರುವಾಗುವ ಪುಟದಿಂದಲೇ ಎತ್ತಬೇಕು. ಎರಡೂ ಕಡೆ ಹೆಸರು ಬೇರೆ ಇರುವುದು ನಾನಂದುಕೊಂಡದ್ದಕ್ಕಿಂತ ಹೆಚ್ಚು. ಬೇರೆ ಇದ್ದರೆ ಎರಡನ್ನೂ ಬರೆಯುತ್ತೇನೆ. ಮೊದಲ ಪುಟ, ಕೊನೆಯ ಪುಟ. ಪರಿವಿಡಿಯಲ್ಲಿ ಹನ್ನೆರಡು ಕಥೆ ಇದ್ದು ಒಳಗೆ ಹತ್ತೇ ಉಳಿದಿದ್ದರೆ, ಹರಿದುಹೋದ ಎರಡಕ್ಕೂ ಕಾರ್ಡು ಮಾಡಿ "ಈ ಪ್ರತಿಯಲ್ಲಿ ಇಲ್ಲ" ಎಂದು ಬರೆಯುತ್ತೇನೆ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಕಥೆಯ ಮೊದಲ ಸಾಲು. ಹೆಸರು ಬದಲಾಗುತ್ತದೆ, ಲೇಖಕರ ಹೆಸರು ಬಿದ್ದುಹೋಗುತ್ತದೆ, ಆದರೆ ಮರುಮುದ್ರಣ ಮಾಡುವವರು ಮೊದಲ ಸಾಲನ್ನು ಮುಟ್ಟುವುದು ಅಪರೂಪ. ಮೊದಲ ಸಾಲುಗಳನ್ನೇ ಅಕಾರಾದಿಯಾಗಿ ಜೋಡಿಸಿದಾಗ ಒಂದೇ ಕಥೆ ಎರಡು ಹೆಸರಿನಲ್ಲಿ ಎರಡು ಸಂಕಲನಕ್ಕೆ ಹೋದದ್ದು ಕಣ್ಣೆದುರಿಗೇ ಬಂದು ನಿಂತಿತು. ರೂಪಾಂತರಗಳಿಗೆ ಮಾತ್ರ ಈ ಉಪಾಯ ಸಾಲದು. ಅವಕ್ಕೆ ಕಥೆಯ ಎಲುಬನ್ನು ಮೂರು ಸಾಲಿನಲ್ಲಿ ಬರೆಯುತ್ತೇನೆ: ಮೊಳೆ ಹೊಡೆದ ಮಂಚ, ಬಾರಿಸದ ಗಂಟೆ, ಬೆಳಕಿಂಡಿ.

ಎಲುಬು ಬರೆಯುವಾಗ ಕೊನೆಯನ್ನು ಹೇಳಬಾರದು. ಪ್ರಕಾರ ಹಚ್ಚುವಾಗಲೂ ಇದೇ ಕಟ್ಟಳೆ. ಹಾಳು ಗುಡಿಯಲ್ಲಿ ದೆವ್ವ ಕಾಣಿಸಿಕೊಳ್ಳುವ ಕಥೆಯೊಂದು ಇತ್ತು. ಕೊನೆಯ ಎರಡು ಪುಟದಲ್ಲಿ ಅದು ಕಳ್ಳರ ಹೂಟವೆಂದು ಬಯಲಾಗುತ್ತದೆ. ಅದಕ್ಕೆ ನಾನು ಮೊದಲು "ಪತ್ತೇದಾರಿ" ಎಂದು ಹಚ್ಚಿದ್ದೆ. ಮರುದಿನ ನೋಡಿದರೆ ಆ ಒಂದೇ ಪದದಿಂದ ಕಥೆಯ ಗುಟ್ಟು ಒಡೆದಿದ್ದೆ ಎನಿಸಿತು. ಈಗ ಕಥೆ ಓದುಗರಿಗೆ ಶುರುವಿನಲ್ಲಿ ಏನೆಂದು ಕಾಣಿಸಿಕೊಳ್ಳುತ್ತದೋ ಅದನ್ನೇ ಪ್ರಕಾರವೆಂದು ಬರೆಯುತ್ತೇನೆ. ಪತ್ತೇದಾರಿ, ಭಯಾನಕ, ವಿಜ್ಞಾನ, ಅದ್ಭುತ: ನಾಲ್ಕೇ ಪೆಟ್ಟಿಗೆ. ಬೇಕಾದರೆ ಎರಡು ಪ್ರಕಾರ ಕೊಡುತ್ತೇನೆ. ಸೂಕ್ಷ್ಮ ವಿಂಗಡಣೆ ಮಾಡುವ ಆಸೆ ನನಗೂ ಇತ್ತು, ಆದರೆ ಹುಡುಕಿ ಬರುವವರು ಬಳಸದ ಪದ ಪಟ್ಟಿಯಲ್ಲಿ ಕೂತು ಪ್ರಯೋಜನವಿಲ್ಲ.

ಕನ್ನಡದಲ್ಲಿ ಒಬ್ಬರ ಕಥೆಗಳ ಪುಸ್ತಕಕ್ಕೂ ಹಲವರ ಕಥೆಗಳನ್ನು ಒಬ್ಬರು ಆಯ್ದು ಸಂಪಾದಿಸಿದ ಪುಸ್ತಕಕ್ಕೂ "ಸಂಕಲನ" ಎಂದೇ ಹೇಳುತ್ತೇವೆ. ಪಟ್ಟಿಯಲ್ಲಿ ಅವನ್ನು ಬೇರೆ ಮಾಡಲೇಬೇಕು, ಹಲವರದ್ದರಲ್ಲಿ ಸಂಪಾದಕರ ಹೆಸರು ಲೇಖಕರ ಜಾಗದಲ್ಲಿ ಬಂದುಬಿಟ್ಟರೆ ಕಥೆ ಬರೆದವರೆಲ್ಲ ಕಾಣೆಯಾಗುತ್ತಾರೆ. ನಾನು "ಒಬ್ಬರ ಸಂಕಲನ", "ಹಲವರ ಸಂಕಲನ" ಎಂದು ಬರೆಯುತ್ತೇನೆ. ನಮ್ಮ ಚೀಲಗಳಲ್ಲಿ ಇನ್ನೊಂದು ಬಗೆಯೂ ಇತ್ತು. ಸುಧಾ, ತರಂಗ, ಕಸ್ತೂರಿಗಳಿಂದ ಕಥೆಗಳನ್ನು ಕತ್ತರಿಸಿ, ಜೋಡಿಸಿ, ರಟ್ಟು ಹಾಕಿ ಹೊಲಿಸಿದ ಕಟ್ಟುಗಳು. ಅವಕ್ಕೆ ಮುಖಪುಟವಿಲ್ಲ, ಸಂಪಾದಕರಿಲ್ಲ, ಪ್ರಕಾಶಕರಿಲ್ಲ. ಅಂಗಡಿಯವರು ತಮ್ಮ ಗಿರಾಕಿಗಳ ರುಚಿ ನೋಡಿ ಮಾಡಿದ ಸಂಕಲನಗಳವು. ಯಾವ ಗ್ರಂಥಾಲಯವೂ ಅವನ್ನು ಪುಸ್ತಕವೆಂದು ದಾಖಲಿಸಲಾರದು. ನನ್ನ ಮಟ್ಟಿಗೆ ಇಡೀ ಸಂಗ್ರಹದಲ್ಲಿ ಅತಿ ಬೆಲೆಯುಳ್ಳವು ಅವೇ, ಏಕೆಂದರೆ ಆ ಕಥೆಗಳಲ್ಲಿ ಹಲವು ಮತ್ತೆ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಕತ್ತರಿಸಿದ ಪುಟದ ಹಿಂಬದಿಯ ಜಾಹೀರಾತು, ಧಾರಾವಾಹಿಯ ಕಂತು, ಮೂಲೆಯಲ್ಲಿ ಉಳಿದ ಪುಟಸಂಖ್ಯೆ ಹಿಡಿದು ಯಾವ ಸಂಚಿಕೆಯೆಂದು ಹುಡುಕಬೇಕು. ಒಂದು ಕಟ್ಟಿಗೆ ನಾಲ್ಕು ಭಾನುವಾರ ಹೋದದ್ದಿದೆ.

ಪುಸ್ತಕಗಳಿಗೆ ವರ್ಷ ಹಚ್ಚುವುದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. ಅಗ್ಗದ ಮುದ್ರಣಗಳಲ್ಲಿ ಇಸವಿ ಹಾಕುತ್ತಲೇ ಇರಲಿಲ್ಲ. ಹಾಗಿದ್ದರೂ ಪುಸ್ತಕ ತಾನೇ ಬಾಯಿ ಬಿಡುತ್ತದೆ. ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಹಿಂದಿನದು, ಇಲ್ಲವೇ ಅದರ ಆಸುಪಾಸಿನದು. ಅಂದೇ ದಶಮಾಂಶ ನಾಣ್ಯ ಬಂದದ್ದು. "75 ನ.ಪೈ." ಎಂದಿದ್ದರೆ 1957ರಿಂದ 1964ರ ನಡುವೆ, ಏಕೆಂದರೆ 1964ರಲ್ಲಿ "ನಯಾ" ಬಿಟ್ಟು ಬರಿಯ ಪೈಸೆ ಆಯಿತು. ಪ್ರಕಾಶಕರ ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ರ ಹಿಂದಿನದು. ಬೆಳಗಾವಿಯ ವಿಳಾಸಕ್ಕೆ "ಮುಂಬಯಿ ರಾಜ್ಯ" ಅಂಟಿದ್ದರೆ 1956ರ ನವೆಂಬರ್ 1ಕ್ಕಿಂತಲೂ ಹಿಂದೆ ಹೋಗಬೇಕು. ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ಆದರೆ ಪಿನ್ ಇಲ್ಲ ಎಂಬುದರಿಂದ ಏನೂ ಸಿದ್ಧವಾಗುವುದಿಲ್ಲ. "ಬೆಂಗಳೂರು-2" ಎಂದು ಬರೆಯುವ ರೂಢಿ ಆಮೇಲೂ ಬಹಳ ಕಾಲ ನಡೆಯಿತು.

ಮುನ್ನುಡಿಯ ಕೆಳಗೆ ಇಸವಿ ಇಲ್ಲದೆ "ವಿಜಯ ಸಂವತ್ಸರದ ದೀಪಾವಳಿ" ಎಂದಷ್ಟೇ ಇದ್ದ ಸಂಕಲನವೊಂದು ಸಿಕ್ಕಾಗ ಪಂಚಾಂಗ ತೆಗೆದೆ. ಅರವತ್ತು ವರ್ಷಕ್ಕೊಮ್ಮೆ ಮರಳುವ ವಿಜಯ 1893ರಲ್ಲಿ, 1953ರಲ್ಲಿ, 2013ರಲ್ಲಿ ಬಂದಿತ್ತು. ಬೆಲೆ ಹನ್ನೆರಡು ಆಣೆ, ಒಳಗಿನ ಕಥೆಯಲ್ಲಿ ವಿಮಾನ ಪ್ರಯಾಣ. ಅಲ್ಲಿಗೆ 1953ರ ದೀಪಾವಳಿ ಎಂದು ಬರೆಯಲು ಅಂಜಿಕೆ ಆಗಲಿಲ್ಲ. ಬಾಡಿಗೆ ಅಂಗಡಿಯ ಪುಸ್ತಕಗಳಿಗೆ ಇನ್ನೊಂದು ಸಾಕ್ಷಿ ಇದೆ, ಹಿಂದಿನ ರಟ್ಟಿಗೆ ಅಂಟಿಸಿದ ತಾರೀಖಿನ ಚೀಟಿ. ಮೊದಲ ಓದುಗರು ಒಯ್ದ ದಿನಕ್ಕೆ ಪುಸ್ತಕ ಅಚ್ಚಾಗಿಯೇ ಇತ್ತಲ್ಲ. ಹಳೆಯ ಬೆಲೆಯ ಮೇಲೆ ಹೊಸ ಬೆಲೆಯ ಮುದ್ರೆ ಒತ್ತಿದ್ದರೆ ಕೆಳಗಿನದನ್ನೇ ಓದಬೇಕು. ಹೀಗೆ ಊಹಿಸಿದ ವರ್ಷವನ್ನು ಚೌಕ ಕಂಸದಲ್ಲಿಟ್ಟು, ಊಹೆಗೆ ಕಾರಣವನ್ನೂ ಪಕ್ಕದಲ್ಲೇ ಬರೆಯುತ್ತೇನೆ. ಕಾರಣವಿಲ್ಲದೆ ಬರೆದ ಇಸವಿ ಇಸವಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಮುಂದಿನವರು ಅದನ್ನೇ ನಂಬಿ ನಕಲು ಮಾಡುತ್ತಾರೆ.

ಹೆಸರಿನ ತೊಡಕು ನಮ್ಮ ನಾಡಿಗೇ ಸೇರಿದ್ದು. ನಮ್ಮ ಕಡೆ ಅಡ್ಡಹೆಸರು ಕೊನೆಗೆ ಬರುತ್ತದೆ, ಆದ್ದರಿಂದ ರಾಜಶೇಖರ ಭೂಸನೂರಮಠರನ್ನು "ಭ" ಅಕ್ಷರದಲ್ಲಿ ಹುಡುಕುವುದು ಸಹಜ. ಹಳೇ ಮೈಸೂರಿನ ಕಡೆ ಅಡ್ಡಹೆಸರಿಲ್ಲ, ಇನಿಷಿಯಲ್ ಮುಂದೆ, ಆದ್ದರಿಂದ ನರಸಿಂಹಯ್ಯನವರು "ನ" ಅಕ್ಷರಕ್ಕೆ. ಎಲ್ಲರಿಗೂ ಒಂದೇ ಕಟ್ಟಳೆ ಹಾಕಿದ ಪಟ್ಟಿಗಳು ಇಬ್ಬರಲ್ಲಿ ಒಬ್ಬರನ್ನು ಕಳೆದುಹಾಕುತ್ತವೆ. ಕಾವ್ಯನಾಮ ಇನ್ನೂ ಕಠಿಣ. ಆನಂದಕಂದ ಅಂದರೆ ಬೆಟಗೇರಿ ಕೃಷ್ಣಶರ್ಮರು ಎಂದು ಬೆಳಗಾವಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಆದರೆ ಪತ್ತೇದಾರಿ ಕಥೆಗೆ ಒಂದೇ ಸಲ ಬಳಸಿ ಬಿಟ್ಟ ಹೆಸರಿನ ಹಿಂದೆ ಯಾರಿದ್ದರೆಂದು ಹೇಳುವವರಿಲ್ಲ. ಬೆಳಗಾವಿಯ ಗೆಳತಿಯೊಬ್ಬಳು ಕಳಿಸಿದ ಮರಾಠಿ ಪುಸ್ತಕಗಳಿಗೆ ಸೂಚಿ ಮಾಡುವಾಗ ಈ ಎಚ್ಚರ ಗಟ್ಟಿಯಾಯಿತು. ಖಗೋಳವಿಜ್ಞಾನಿ ಜಯಂತ ವಿಷ್ಣು ನಾರಳೀಕರರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಮೊದಲ ವಿಜ್ಞಾನ ಕಥೆ ಕಳಿಸಿದ್ದು ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ. ತಮ್ಮದೇ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿದ್ದರು. ಅವರು ತಾವೇ ಹೇಳದಿದ್ದರೆ ಆ ಜಗತಾಪರು ಇವತ್ತಿಗೂ ಬೇರೊಬ್ಬ ಲೇಖಕರಾಗಿಯೇ ಉಳಿಯುತ್ತಿದ್ದರು. ಹಾಗಾಗಿ ಅಚ್ಚಾದ ಹೆಸರನ್ನು ಅಚ್ಚಾದಂತೆಯೇ ಇಡುತ್ತೇನೆ, ನಿಜವಾದ ಹೆಸರಿಗೆ ಬೇರೆ ಅಂಕಣ. ಲಿಖಿತ ಆಧಾರ ಸಿಗುವವರೆಗೆ ಆ ಅಂಕಣ ಖಾಲಿ.

ಅನುವಾದಗಳಲ್ಲಿ ಯಾವ ಆವೃತ್ತಿಯಿಂದ ಅನುವಾದಿಸಿದರು ಎಂಬುದೂ ಕೆಲವೊಮ್ಮೆ ಸಿಗುತ್ತದೆ. ಡಾಯ್ಲರ ಕತ್ತರಿಸಿದ ಕಿವಿಗಳ ಪೆಟ್ಟಿಗೆಯ ಕಥೆ 1893ರಲ್ಲಿ ಸ್ಟ್ರ್ಯಾಂಡಿನಲ್ಲಿ ಬಂದರೂ ಮುಂದೆ ಪುಸ್ತಕ ಮಾಡುವಾಗ ಅದನ್ನು ಕೈಬಿಟ್ಟರು. ಗೆಳೆಯ ವಾಟ್ಸನ್ ಮನಸ್ಸಿನಲ್ಲಿ ಅಂದುಕೊಳ್ಳುವುದನ್ನು ಹೋಮ್ಸ್ ಓದಿ ಹೇಳುವ ಅದರ ಸೊಗಸಾದ ಆರಂಭವನ್ನು ಮಾತ್ರ ವೈದ್ಯರ ಮನೆಯಲ್ಲಿ ಬೀಡುಬಿಟ್ಟ ರೋಗಿಯ ಕಥೆಗೆ ತಂದು ಅಂಟಿಸಿದರು. ಆದ್ದರಿಂದ ಆ ರೋಗಿಯ ಕಥೆ ಕನ್ನಡದಲ್ಲಿ ಮನಸ್ಸು ಓದುವ ಪ್ರಸಂಗದಿಂದಲೇ ಶುರುವಾದರೆ, ಅನುವಾದಕರ ಮೇಜಿನ ಮೇಲಿದ್ದದ್ದು ಪೆಟ್ಟಿಗೆಯ ಕಥೆ ಬಿಟ್ಟ ಆವೃತ್ತಿಯ ಪಾಠ ಎನ್ನಬಹುದು. ನನ್ನ ಕಟ್ಟೊಂದರಲ್ಲಿ ಸರಿಯಾಗಿ ಹಾಗೇ ಇತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಗಾಥಾ ಕ್ರಿಸ್ಟಿಯವರ ಪತ್ತೇದಾರ ಪ್ವಾರೋನ ಕಥೆಗಳ ಮೊದಲ ಸಂಕಲನವೂ ಇಂಗ್ಲೆಂಡಿನಲ್ಲಿ 1924ರಲ್ಲಿ ಹನ್ನೊಂದು ಕಥೆಗಳೊಂದಿಗೆ ಬಂತು, ಮರುವರ್ಷ ಅಮೆರಿಕದಲ್ಲಿ ಹದಿನಾಲ್ಕರೊಂದಿಗೆ. ಪುಸ್ತಕದ ಹೆಸರಷ್ಟೇ ಬರೆದಿಟ್ಟವರಿಗೆ ಆ ಮೂರು ಕಥೆಗಳ ಸುಳಿವೇ ಹತ್ತುವುದಿಲ್ಲ.

ಕಾರ್ಡುಗಳನ್ನು ಈಗ ಕಂಪ್ಯೂಟರಿಗೆ ಏರಿಸಿದ್ದೇನೆ. ಪುಸ್ತಕಗಳದೊಂದು ಕೋಷ್ಟಕ, ಕಥೆಗಳದೊಂದು, ಯಾವ ಕಥೆ ಯಾವ ಪುಸ್ತಕದ ಯಾವ ಪುಟದಲ್ಲಿ ಎಂಬುದಕ್ಕೆ ಮೂರನೆಯದು. ಮೊದಲು ಹಳೆಯ ನುಡಿ ಫಾಂಟಿನಲ್ಲಿ ಕೂಡಿಸಿದ್ದನ್ನು ಯೂನಿಕೋಡಿಗೆ ತಂದಾಗ ಅರ್ಕಾವೊತ್ತುಗಳು ಚೆಲ್ಲಾಪಿಲ್ಲಿಯಾಗಿ ಒಂದೊಂದನ್ನೂ ಕೈಯಿಂದ ತಿದ್ದಬೇಕಾಯಿತು. "ಪತ್ತೇದಾರಿ" ಎಂದು ಹುಡುಕಿದರೆ "ಪತ್ತೆದಾರಿ" ಸಿಗುವುದಿಲ್ಲ, ಅದಕ್ಕೆ ಎರಡೂ ಬರಹಗಳನ್ನು ಹಾಕಿದ ಒಂದು ಅಂಕಣ ಇಟ್ಟಿದ್ದೇನೆ. ಕಾಗದದ ಕಾರ್ಡುಗಳನ್ನು ಎಸೆದಿಲ್ಲ.

ಅಜ್ಜಾರು ತಿಂಗಳಿಗೊಮ್ಮೆ ಬರುತ್ತಾರೆ. ಹೊರಗಿನ ಕಟ್ಟೆಯ ಮೇಲೆ ಕೂತು, "ಹಾಲಿನ ಬಟ್ಟಲ ಸಿಕ್ತೇನವಾ?" ಎಂದು ಕೇಳುತ್ತಾರೆ. ಕಳೆದ ಸಲ ಅವರಿಗೆ ಇನ್ನೊಂದು ನೆನಪಾಗಿತ್ತು. ಆ ಕಥೆಯಲ್ಲಿ ಪತ್ತೇದಾರ ಧೋತರ ಉಟ್ಟಿದ್ದನಂತೆ, ಪುಟದ ನಡುವೆ ಗಂಟೆಯ ಹಗ್ಗದ ಚಿತ್ರ ಇತ್ತಂತೆ. ಎರಡನ್ನೂ ಖಾಲಿ ಕಾರ್ಡಿನ ಮೇಲೆ ಬರೆದುಕೊಂಡೆ. ಚಿತ್ರ ಇತ್ತೆಂದರೆ ಅದು ಪತ್ರಿಕೆಯಿಂದ ಕತ್ತರಿಸಿದ ಕಟ್ಟಿನಲ್ಲೇ ಇರುವ ಸಂಭವ ಹೆಚ್ಚು. ಒಂಬತ್ತು ಚೀಲ ಮುಗಿದಿವೆ. ಹತ್ತನೆಯದನ್ನು ಈ ಭಾನುವಾರ ಬಿಚ್ಚುತ್ತೇನೆ.