ಇಪ್ಪತ್ತು ತಲೆಮಾರು ಕೋಪೆಪಾಡ್ ಸಾಕಿದ ಮೇಲೆ ನನಗೆ ಗೊತ್ತಾಗಿದ್ದು

ಕೋಪೆಪಾಡ್ ಅಂದರೆ ಸುಮಾರು ಒಂದು ಮಿಲಿಮೀಟರ್ ಉದ್ದದ ಜೀವಿ. ಸೀಗಡಿಯ ದೂರದ ನೆಂಟ. ಕಡಲಲ್ಲಿ ತೇಲುತ್ತಾ ಸೂಕ್ಷ್ಮ ಪಾಚಿ ತಿನ್ನುತ್ತದೆ, ಇದನ್ನು ಮೀನಿನ ಮರಿಗಳು ತಿನ್ನುತ್ತವೆ. ನಾನು ಸಾಕಿದ್ದು ಅಕಾರ್ಟಿಯಾ ಟಾನ್ಸಾ ಎಂಬ ಜಾತಿ. ೧೮ ಡಿಗ್ರಿ ನೀರಿನಲ್ಲಿ ಮೊಟ್ಟೆಯಿಂದ ಮುಂದಿನ ಮೊಟ್ಟೆಗೆ ಹೆಚ್ಚುಕಡಿಮೆ ಮೂರು ವಾರ ಸಾಕು. ಅಂದರೆ ಒಂದು ವರ್ಷ ಚಿಲ್ಲರೆಯಲ್ಲಿ ಇಪ್ಪತ್ತು ತಲೆಮಾರು ಕಣ್ಣೆದುರೇ ಆಗಿಹೋಗುತ್ತದೆ. ವಿಕಾಸವನ್ನು ಜಾಡಿಯೊಳಗೆ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಾಣಿ ಕಡಿಮೆ.

ಯಾಕೆ ಈ ಕೆಲಸ ಅಂದರೆ, ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಕಾಲು ಭಾಗದಷ್ಟನ್ನು ಕಡಲು ಹೀರಿಕೊಳ್ಳುತ್ತಿದೆ, ಅದು ಕರಗಿ ನೀರಿನ ಆಮ್ಲತೆ ಏರಿಸುತ್ತದೆ. ಕೈಗಾರಿಕೆಗಳು ಶುರುವಾಗುವ ಮುಂಚೆ ಕಡಲ ಮೇಲ್ಮೈ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, ಏಳಕ್ಕಿಂತ ಕೆಳಗೆ ಹೋದರೆ ಆಮ್ಲ) ಸುಮಾರು ೮.೨ ಇತ್ತು, ಈಗ ಸುಮಾರು ೮.೧. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಪಿಎಚ್ ಲಾಗ್ ಲೆಕ್ಕದ ಅಳತೆ, ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು. ಆ ೦.೧ ಇಳಿದಿದ್ದಕ್ಕೆ ನೀರಿನಲ್ಲಿ ಆಮ್ಲತೆ ತರುವ ಹೈಡ್ರೋಜನ್ ಅಯಾನು ಸುಮಾರು ೩೦% ಜಾಸ್ತಿಯಾಗಿದೆ. ಹೀಗೇ ಹೊಗೆ ಬಿಡುತ್ತಾ ಹೋದರೆ ಶತಮಾನದ ಕೊನೆಗೆ ೭.೮ರ ಹತ್ತಿರ ಬರಬಹುದು. ಅದು ಆಮ್ಲವೇನೂ ಅಲ್ಲ, ಏಳರ ಮೇಲೇ ಇದೆ. ಆದರೆ ೮.೨ಕ್ಕೆ ಹೊಂದಿಕೊಂಡು ಬಂದ ದೇಹಕ್ಕೆ ಒಳಗಿನ ಲವಣ, ಅಯಾನುಗಳ ಸಮತೋಲ ಕಾಯಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಆ ಶಕ್ತಿ ಬೆಳವಣಿಗೆಯಿಂದಲೋ ಮೊಟ್ಟೆಯಿಂದಲೋ ಕಡಿತವಾಗಬೇಕು. ಕೆಲವು ಜಾಡಿಗೆ ಮಾಮೂಲಿ ನೀರು, ಕೆಲವಕ್ಕೆ ಕಡಿಮೆ ಪಿಎಚ್ ನೀರು ಕೊಟ್ಟು, ತಲೆಮಾರು ಕಳೆದಂತೆ ಕೋಪೆಪಾಡ್ ಹೊಂದಿಕೊಳ್ಳುತ್ತದಾ ಅಂತ ನೋಡುವುದೇ ನನ್ನ ಪ್ರಯೋಗ.

ಮೊದಲ ಸಲ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವೇ ಡಜನ್ ಹೆಣ್ಣುಗಳಿಂದ ಶುರುಮಾಡಿದೆ. ಏಳೆಂಟು ತಲೆಮಾರು ಆದಮೇಲೆ ಡಿಎನ್‌ಎ ಓದಿಸಿ ನೋಡಿದರೆ ಬದಲಾವಣೆ ಬೇಕಾದಷ್ಟಿತ್ತು, ಆದರೆ ಒಂದೊಂದು ಜಾಡಿ ಒಂದೊಂದು ದಿಕ್ಕಿಗೆ ಹೋಗಿತ್ತು. ಮಾಮೂಲಿ ನೀರಿನ ಜಾಡಿಗಳಲ್ಲೂ ಅಷ್ಟೇ ಬದಲಾವಣೆ. ಅಂದರೆ ನಾನು ನೋಡುತ್ತಿದ್ದದ್ದು ಬರೀ ಆಕಸ್ಮಿಕ. ಗುಂಪು ಚಿಕ್ಕದಾದಾಗ ಯಾವ ಜೀನ್ ಉಳಿಯಿತು, ಯಾವುದು ಹೋಯಿತು ಎಂಬುದು ಲಾಟರಿ ಇದ್ದ ಹಾಗೆ. ಅಷ್ಟು ತಿಂಗಳ ಕೆಲಸವನ್ನು ಪಕ್ಕಕ್ಕಿಡಬೇಕಾಯಿತು, ತುಂಬಾ ಬೇಜಾರಾಯಿತು.

ಎರಡನೇ ಸಲ ಸಾವಿರಕ್ಕಿಂತ ಜಾಸ್ತಿ ಪ್ರಾಣಿಗಳಿಂದ ಶುರುಮಾಡಿದೆ, ಅದೂ ಬೇರೆ ಬೇರೆ ದಿನ ಬಲೆ ಎಳೆದು ಹಿಡಿದವು. ಮೂರು ತಲೆಮಾರು ಎಲ್ಲವನ್ನೂ ಒಟ್ಟಿಗೆ ಮಾಮೂಲಿ ನೀರಿನಲ್ಲೇ ಇಟ್ಟೆ, ಕಡಲಿನ ಬದುಕಿನ ಗುರುತು ಮಾಸಲಿ ಅಂತ. ಆಮೇಲೆ ಎಂಟು ಜಾಡಿ ಮಾಡಿದೆ. ನಾಲ್ಕಕ್ಕೆ ಈಗಿನ ಕಡಲಿನ ಪಿಎಚ್, ನಾಲ್ಕಕ್ಕೆ ಕಡಿಮೆ ಪಿಎಚ್.

ನೀರಿನ ರಸಾಯನ ಹದದಲ್ಲಿಡುವುದೇ ಅರ್ಧ ಕೆಲಸ. ಆಮ್ಲ ಸುರಿದು ಪಿಎಚ್ ಇಳಿಸಬೇಡಿ. ಹಾಗೆ ಮಾಡಿದರೆ ನೀರಿನ ಕ್ಷಾರೀಯತೆಯೂ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ) ಇಳಿಯುತ್ತದೆ, ನಿಜವಾದ ಕಡಲಲ್ಲಿ ಆಗುತ್ತಿರುವುದು ಹಾಗಲ್ಲ. ಗಾಳಿಗೆ ಇಂಗಾಲದ ಡೈಆಕ್ಸೈಡ್ ಬೆರೆಸಿ ನಿಧಾನವಾಗಿ ಗುಳ್ಳೆ ಬಿಡಬೇಕು. ಆಮೇಲೆ ಆಹಾರಕ್ಕೆ ಹಾಕುವ ಪಾಚಿ ಇದೆಯಲ್ಲ, ಅದು ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಏರಿಸುತ್ತದೆ, ಕತ್ತಲಲ್ಲಿ ಎಲ್ಲವೂ ಸೇರಿ ಉಸಿರಾಡಿ ಇಳಿಸುತ್ತವೆ, ಹಾಗಾಗಿ ಬೆಳಿಗ್ಗೆ ಒಂದೇ ಸಲ ಅಳೆದು ಎಲ್ಲ ಸರಿಯಿದೆ ಅಂದುಕೊಂಡರೆ ಮೋಸಹೋಗುತ್ತೀರಿ, ನಾನೂ ಹೋಗಿದ್ದೆ. ಪಿಎಚ್ ಮೀಟರ್‌ನ ಜೊತೆ ಬರುವ ಸಾಮಾನ್ಯ ಬಫರ್ (ಮೀಟರ್ ಸರಿಹೊಂದಿಸಲು ಬಳಸುವ, ಪಿಎಚ್ ಗೊತ್ತಿರುವ ದ್ರಾವಣ) ಸಿಹಿನೀರಿಗೆ ಸರಿ, ಉಪ್ಪುನೀರಿಗೆ ಅಲ್ಲ. ಕಡಲ ನೀರಿನಷ್ಟೇ ಉಪ್ಪಿರುವ ಟ್ರಿಸ್ ಬಫರ್ ಬೇಕು. ಮೆಟಾ ಕ್ರೆಸಾಲ್ ಪರ್ಪಲ್ ಎಂಬ ಬಣ್ಣ ಹಾಕಿ, ಅದು ಎಷ್ಟು ಬೆಳಕು ಹೀರುತ್ತದೆ ಅಂತ ನೋಡಿ ಪಿಎಚ್ ಅಳೆಯುವುದು ಇನ್ನೂ ನಂಬಿಕಸ್ತ. ವಾರಕ್ಕೊಮ್ಮೆ ಕ್ಷಾರೀಯತೆ ಟೈಟ್ರೇಟ್ ಮಾಡಿ (ಮಾದರಿಗೆ ಹನಿಹನಿಯಾಗಿ ಆಮ್ಲ ಹಾಕಿ ಅಳೆಯಿರಿ), ಪಿಎಚ್ ಒಂದರಿಂದಲೇ ನೀರಿನ ಪೂರ್ತಿ ಕಥೆ ಗೊತ್ತಾಗುವುದಿಲ್ಲ.

ಮೊದಲ ಎರಡು ತಲೆಮಾರು ಕಡಿಮೆ ಪಿಎಚ್ ಜಾಡಿಗಳನ್ನು ನೋಡುವುದೇ ಕಷ್ಟವಾಗಿತ್ತು. ಮೊಟ್ಟೆ ಒಡೆಯುವುದು ಕಡಿಮೆಯಾಯಿತು, ಹೊರಬಂದ ಮರಿಗಳೂ ಮೊದಲ ಹಂತಗಳಲ್ಲೇ ಸಾಯತೊಡಗಿದವು. ಐದನೇ ತಲೆಮಾರಿನ ಹೊತ್ತಿಗೆ ಉಳಿಯುವ ಮರಿಗಳ ಲೆಕ್ಕ ಮಾಮೂಲಿ ಜಾಡಿಗಳ ಹತ್ತಿರಕ್ಕೆ ಬಂತು. ಅವತ್ತು ಸೂಕ್ಷ್ಮದರ್ಶಕದ ಮುಂದೆ ಕೂತು ಎರಡು ಸಲ ಎಣಿಸಿದೆ.

ಆದರೆ ಇದನ್ನು ಆಗಲೇ ವಿಕಾಸ ಅನ್ನಲು ಬರುವುದಿಲ್ಲ. ಪ್ರಾಣಿಯ ಜೀನ್ ಬದಲಾಗದೆಯೇ ದೇಹ ಒಗ್ಗಿಕೊಳ್ಳಬಹುದು. ತಾಯಿ ತಾನು ಪಟ್ಟ ಕಷ್ಟಕ್ಕೆ ತಕ್ಕಂತೆ ಮೊಟ್ಟೆಯನ್ನೇ ಬೇರೆ ಥರ ತಯಾರು ಮಾಡಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಎರಡೂ ಗುಂಪಿನಿಂದ ಒಂದಷ್ಟನ್ನು ತೆಗೆದು ಎರಡು ತಲೆಮಾರು ಒಂದೇ ನೀರಿನಲ್ಲಿ ಇಟ್ಟೆ. ತಾಯಿಯ ಪ್ರಭಾವ ಕಳೆಯಲಿ ಅಂತ. ಆಮೇಲೆ ಎರಡೂ ಗುಂಪನ್ನು ಎರಡೂ ನೀರಿನಲ್ಲಿ ಬಿಟ್ಟು ನೋಡಿದೆ. ಕಡಿಮೆ ಪಿಎಚ್‌ನಲ್ಲಿ ಬೆಳೆದ ವಂಶದವು ಆಗಲೂ ಆ ನೀರಿನಲ್ಲಿ ಮುಂದಿದ್ದವು. ಈ ಅದಲುಬದಲು ಪರೀಕ್ಷೆ ಮಾಡದೆ ಜೀನ್ ಬದಲಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ಒಪ್ಪುವುದಿಲ್ಲ.

ಡಿಎನ್‌ಎ ವಿಷಯಕ್ಕೆ ಬಂದರೆ, ಒಂದು ಕೋಪೆಪಾಡ್‌ನಿಂದ ಸಿಗುವುದು ಚೂರೇ ಚೂರು. ಅದಕ್ಕೆ ಜಾಡಿಗೆ ನೂರರಂತೆ ಒಟ್ಟಿಗೆ ಅರೆದು ಓದಿಸಿದೆ. ಯಾವ ಪ್ರಾಣಿಯಲ್ಲಿ ಏನಿದೆ ಅಂತ ಇದರಲ್ಲಿ ತಿಳಿಯುವುದಿಲ್ಲ, ಆದರೆ ಒಂದು ಜೀನ್‌ನ ಇಂಥ ರೂಪ ಗುಂಪಿನಲ್ಲಿ ಶೇಕಡ ಎಷ್ಟಿದೆ ಅಂತ ತಿಳಿಯುತ್ತದೆ. ಒಂದೇ ಜಾಡಿಯಲ್ಲಿ ಶೇಕಡಾವಾರು ಏರಿದ್ದರೆ ಅದು ಲಾಟರಿ ಇರಬಹುದು. ನಾಲ್ಕೂ ಜಾಡಿಗಳಲ್ಲಿ ಒಂದೇ ದಿಕ್ಕಿಗೆ ಏರಿ, ಮಾಮೂಲಿ ನಾಲ್ಕರಲ್ಲಿ ಏರದೇ ಇದ್ದರೆ ನಿಸರ್ಗದ ಆಯ್ಕೆ ನಡೆದಿದೆ ಅನ್ನಬಹುದು. ನನಗೆ ಹಾಗೆ ಸಿಕ್ಕಿದ್ದು ಒಂದೆರಡಲ್ಲ, ಜೀನೋಮ್ (ಪ್ರಾಣಿಯ ಒಟ್ಟು ಡಿಎನ್‌ಎ) ಉದ್ದಕ್ಕೂ ಚದುರಿದ್ದವು. ಮತ್ತು ಮುಖ್ಯ ಮಾತು, ಏರಿದ ಆ ರೂಪಗಳೆಲ್ಲ ಮೊದಲ ದಿನದ ಗುಂಪಿನಲ್ಲೇ ಇದ್ದವು, ಕೆಲವು ತೀರಾ ಕಡಿಮೆ ಪ್ರಮಾಣದಲ್ಲಿ. ಹೊಸ ಮ್ಯುಟೇಶನ್‌ಗೆ, ಅಂದರೆ ಜೀನ್‌ನಲ್ಲೇ ಹೊಸ ಬದಲಾವಣೆ ಹುಟ್ಟುವುದಕ್ಕೆ, ಕಾಯಲು ಇಪ್ಪತ್ತು ತಲೆಮಾರು ಸಾಲದು. ಇದ್ದದ್ದರಲ್ಲೇ ಆಯ್ಕೆ ಆಗುವುದು.

ಬೇರೆ ಪ್ರಾಣಿಗಳಲ್ಲೂ ಇದೇ ಕಂಡಿದೆ. ೨೦೧೩ರಲ್ಲಿ ಪ್ರಕಟವಾದ ಕೆಲಸದಲ್ಲಿ, ಮೈಯೆಲ್ಲ ಮುಳ್ಳಿರುವ ನೇರಳೆ ಸೀ ಅರ್ಚಿನ್‌ನ ಲಾರ್ವಾಗಳು (ಎಳೆಯ ಮರಿಗಳು) ಕಡಿಮೆ ಪಿಎಚ್ ನೀರಿನಲ್ಲಿ ಬೆಳೆದಾಗ ಹೊರಗೆ ನೋಡಲು ಹೆಚ್ಚೇನೂ ಬದಲಾಗಿರಲಿಲ್ಲ, ಆದರೆ ಒಂದೇ ವಾರದಲ್ಲಿ ಗುಂಪಿನ ಜೀನ್ ಪ್ರಮಾಣಗಳು ಸರಿದಿದ್ದವು. ೨೦೧೯ರಲ್ಲಿ ಮೆಡಿಟರೇನಿಯನ್ ಮಸೆಲ್ ಎಂಬ ಕಪ್ಪೆಚಿಪ್ಪಿನ ಲಾರ್ವಾಗಳನ್ನು ೭.೪ ಪಿಎಚ್‌ನಲ್ಲಿ ಬೆಳೆಸಿ ನೋಡಿದಾಗಲೂ ಹೀಗೇ. ಅವಕ್ಕೆ ಕಷ್ಟ ಇನ್ನೂ ಜಾಸ್ತಿ, ಹುಟ್ಟಿದ ಎರಡು ದಿನದೊಳಗೆ ಮೊದಲ ಚಿಪ್ಪು ಕಟ್ಟಿಕೊಳ್ಳಬೇಕು, ಅದಕ್ಕೆ ಬೇಕಾದ ಕಾರ್ಬೊನೇಟ್ ಈ ನೀರಿನಲ್ಲಿ ಕಡಿಮೆ.

ಗೆದ್ದವು ಬೆಲೆ ಕೊಡದೆ ಗೆದ್ದಿರಲಿಲ್ಲ. ಕಡಿಮೆ ಪಿಎಚ್ ಜಾಡಿಗಳ ಇಪ್ಪತ್ತನೇ ತಲೆಮಾರಿನವನ್ನು ಮಾಮೂಲಿ ನೀರಿಗೆ ವಾಪಸ್ ಬಿಟ್ಟು ಪಾಚಿ ಕಡಿಮೆ ಹಾಕಿದಾಗ ಅವು ಇಟ್ಟ ಮೊಟ್ಟೆ ಕಡಿಮೆ. ಹೊಟ್ಟೆ ತುಂಬ ಹಾಕಿದಾಗ ಈ ವ್ಯತ್ಯಾಸ ಅಷ್ಟು ಕಾಣಲಿಲ್ಲ, ಹಾಗಾಗಿ ಆಹಾರ ಧಾರಾಳವಾಗಿರುವ ಪ್ರಯೋಗಗಳನ್ನು ಮಾತ್ರ ನಂಬಬೇಡಿ. ಇದೇ ಜಾತಿಯ ಮೇಲೆ ಬಿಸಿ ಮತ್ತು ಕಡಿಮೆ ಪಿಎಚ್ ಎರಡನ್ನೂ ಒಟ್ಟಿಗೆ ಕೊಟ್ಟು ೨೫ ತಲೆಮಾರು ನಡೆಸಿದ ಅಧ್ಯಯನ ೨೦೨೧ರಲ್ಲಿ ಬಂತು. ಅಲ್ಲೂ ಚೇತರಿಕೆ ಬೇಗ ಆಯಿತು, ಆದರೆ ಪೂರ್ತಿ ಆಗಲಿಲ್ಲ.

ನೀವೂ ಶುರುಮಾಡುವುದಾದರೆ ಪ್ರತಿ ತಲೆಮಾರಿನಿಂದಲೂ ಒಂದು ಪಾಲನ್ನು ಎಥನಾಲ್‌ನಲ್ಲಿ ತೆಗೆದಿಡಿ. ನಾನು ಮೂರರಿಂದ ಆರನೇ ತಲೆಮಾರಿನವರೆಗೆ, ಪ್ರಾಣಿಗಳು ಕಡಿಮೆ ಇವೆ ಅಂತ, ತೆಗೆದಿಡಲಿಲ್ಲ. ಚೇತರಿಕೆ ಆಗಿದ್ದು ಆ ನಾಲ್ಕು ತಲೆಮಾರುಗಳಲ್ಲೇ. ಯಾವ ಜೀನ್ ಮೊದಲು ಏರಿತು, ಯಾವುದು ಆಮೇಲೆ ಅಂತ ನೋಡಲು ಈಗ ಮತ್ತೆ ಮೊದಲಿಂದ ಎಂಟು ಜಾಡಿ ಇಟ್ಟಿದ್ದೇನೆ.