ಅಮೂರ್ತ ಫೋಟೋನಾ? ಮೊದಲು ತಲೆಕೆಳಗು ಮಾಡಿ, ಆಮೇಲೆ ಎಡಿಟ್
ತುಕ್ಕು ಹಿಡಿದ ಗೇಟು, ಸುಣ್ಣ ಉದುರಿದ ಗೋಡೆ, ಕೆರೆ ನೀರಿನ ಬಿಂಬ ಇಂಥವನ್ನು ಅಮೂರ್ತ ಚಿತ್ರವಾಗಿ (ವಸ್ತು ಯಾವುದು ಅನ್ನುವುದಕ್ಕಿಂತ ಆಕಾರ, ಬಣ್ಣವೇ ಮುಖ್ಯವಾದ ಚಿತ್ರ) ಎಡಿಟ್ ಮಾಡುವ ಮುಂಚೆ ಫೋಟೋವನ್ನು 180 ಡಿಗ್ರಿ ತಿರುಗಿಸಿಬಿಡಿ. ಕ್ರಾಪ್, ಕಾಂಟ್ರಾಸ್ಟ್, ಬಣ್ಣ ಎಲ್ಲಾ ತಲೆಕೆಳಗಾಗಿಯೇ ಮಾಡಿ. ನೇರವಾಗಿ ನೋಡುವಾಗ ಕಣ್ಣು ‘ಇದು ಗೇಟಿನ ಚಿಲಕ’ ಅಂತ ಗುರುತಿಸಿ ಅಲ್ಲೇ ನಿಲ್ಲುತ್ತದೆ. ತಿರುಗಿಸಿದರೆ ಗುರುತು ಹತ್ತುವುದು ನಿಧಾನ. ಗೆರೆ, ಕಲೆ, ಯಾವ ಕಡೆ ಕಪ್ಪು ಜಾಸ್ತಿ ಅನ್ನುವುದು ಮೊದಲು ಕಾಣುತ್ತದೆ. ಮೂಲೆಯಲ್ಲಿ ಸುಮ್ನೆ ಕೂತಿದ್ದ ಬಿಳಿ ಚುಕ್ಕೆಯೂ ಆಗ ಕಣ್ಣಿಗೆ ಚುಚ್ಚುತ್ತದೆ. ಅದನ್ನು ಸ್ನ್ಯಾಪ್‌ಸೀಡ್ ಅನ್ನುವ ಫೋಟೋ ಎಡಿಟಿಂಗ್ ಆ್ಯಪ್‌ನ ಹೀಲಿಂಗ್ (ಕಲೆ ಅಳಿಸುವ) ಟೂಲ್‌ನಿಂದ ಅಳಿಸಿ. (ಸುದ್ದಿಚಿತ್ರದಲ್ಲಿ ಹೀಗೆ ಅಳಿಸಿದರೆ ಮೋಸ, ಇಲ್ಲಿ ಪರವಾಗಿಲ್ಲ ಅಲ್ವಾ.) ಈ ಉಪಾಯ ಕೈಕೊಡುವುದು ಓರೆ ಬಿಸಿಲಿನಲ್ಲಿ ತೆಗೆದ ಉಬ್ಬುತಗ್ಗಿನ ಚಿತ್ರಗಳಲ್ಲಿ. ಬೆಳಕು ಮೇಲಿಂದಲೇ ಬರುತ್ತದೆ ಅಂತ ನಮ್ಮ ಮಿದುಳಿನ ಲೆಕ್ಕ. ಹಾಗಾಗಿ ತಿರುಗಿಸಿದ ಕೂಡಲೇ ಎದ್ದು ನಿಂತ ಬಣ್ಣದ ಹಕ್ಕಳೆ ಗುಂಡಿಯ ಹಾಗೆ ಕಾಣಬಹುದು, ನೆರಳಿನ ಅಂದಾಜು ತಪ್ಪುತ್ತದೆ. ಅಂಥದ್ದರಲ್ಲಿ ಕ್ರಾಪ್ ಮಾತ್ರ ತಲೆಕೆಳಗಾಗಿ ಮಾಡಿ, ನೆರಳು ಬೆಳಕನ್ನು ನೇರ ಮಾಡಿಕೊಂಡೇ ತಿದ್ದಿ. ಕೆಲವು ಸಲ ತಲೆಕೆಳಗಾದದ್ದೇ ಚೆನ್ನಾಗಿರುತ್ತದೆ. ಹಾಗೇ ಸೇವ್ ಮಾಡಿ, ಯಾರು ಕೇಳ್ತಾರೆ!